ಏವಾ ಮತ್ತು ಬಾಯ್ಲ್‌ನ ಗಡಿಯಾರ

ವಾಟರ್‌ಫರ್ಡ್



ಉಪೇಂದ್ರರ ‘ಹಾಲಿವುಡ್’ ನೆನಪಿದೆಯೇ? 2002ರಲ್ಲಿ ಬಂದ, ದಿನೇಶ್ ಬಾಬು ನಿರ್ದೇಶಿಸಿದ ಆ ಚಿತ್ರದಲ್ಲಿ ಯಂತ್ರಮಾನವನಿಗೂ ಪ್ರೇಮ ಹುಟ್ಟುತ್ತದೆ. ನಕ್ಕು ಮರೆತೆವು. ಅಂಥದೇ ಎಳೆಯನ್ನು ಹಿಡಿದು ನಗು ಮರೆಸುವ ಚಿತ್ರವೊಂದಿದೆ: ಅಲೆಕ್ಸ್ ಗಾರ್ಲಂಡ್ ನಿರ್ದೇಶನದ ‘ಎಕ್ಸ್ ಮಾಕಿನಾ’. ಕಥೆಯ ಕೊನೆಯನ್ನೂ ಹೇಳಿಬಿಡುತ್ತೇನೆ, ಬೈಯಬೇಡಿ.

ಕಂಪನಿಯ ಲಾಟರಿ ಗೆದ್ದೆನೆಂದು ನಂಬಿದ ಕೇಲಬ್, ಒಡೆಯ ನೇಥನ್‌ನ ಒಂಟಿ ಮನೆಗೆ ಬರುತ್ತಾನೆ. ಅಲ್ಲಿ ನೇಥನ್ ಸೃಷ್ಟಿಸಿದ ಏವಾ ಎಂಬ ಯಂತ್ರಮಾನವಿಯನ್ನು ಅವನು ಪರೀಕ್ಷಿಸಬೇಕು. ಅಲನ್ ಟ್ಯೂರಿಂಗ್ 1950ರಲ್ಲಿ ಸೂಚಿಸಿದ ಪರೀಕ್ಷೆಯಲ್ಲಿ ಯಂತ್ರ ಮರೆಯಲ್ಲಿರುತ್ತದೆ. ಆದರೆ ಏವಾ ಗಾಜಿನಾಚೆ ಎದುರಿಗೇ ಕೂತಿದ್ದಾಳೆ. ಹೊಟ್ಟೆಯೊಳಗಿನ ತಂತಿಗಳೂ ಕಾಣುತ್ತವೆ. ಯಂತ್ರವೆಂದು ಕಣ್ಣಾರೆ ಕಂಡರೂ ಇವಳಿಗೆ ಮನಸ್ಸಿದೆ ಅನ್ನಿಸುತ್ತದೆಯೇ? ಅದು ಪ್ರಶ್ನೆ. ಆಗಾಗ ಕರೆಂಟ್ ಹೋಗುತ್ತದೆ, ಕ್ಯಾಮೆರಾ ಕುರುಡಾಗುತ್ತದೆ, ಗುಟ್ಟಿನ ಮಾತು ನಡೆಯುತ್ತದೆ. ಕರೆಂಟ್ ತೆಗೆಯುವವಳು ಏವಾಳೇ!

ನೇಥನ್‌ನ ನಿಜವಾದ ಪರೀಕ್ಷೆ ಬೇರೆ. ತಪ್ಪಿಸಿಕೊಳ್ಳಲು ಅವಳು ಈ ಹುಡುಗನನ್ನು ಬಳಸಿಕೊಳ್ಳುವಳೇ ಎಂದು ನೋಡುವುದು. ಅದಕ್ಕೇ ಕೇಲಬ್ ಅಂತರ್ಜಾಲದಲ್ಲಿ ಕದ್ದು ನೋಡುತ್ತಿದ್ದುದನ್ನೆಲ್ಲ ಕಲೆಹಾಕಿ ನೇಥನ್ ಅವಳ ಮುಖ ರೂಪಿಸಿದ್ದ. ಮೈ ಜುಮ್ಮೆನ್ನುವುದು ನನಗೆ ಇಲ್ಲಿಯೇ, ಮುಂದಿನ ಕೊಲೆಯಲ್ಲಲ್ಲ.

ಈ ಚಿತ್ರ ನನಗೆ ನಮ್ಮ ವಾಟರ್‌ಫರ್ಡ್ ಕೌಂಟಿಯವನೇ ಒಬ್ಬನನ್ನು ನೆನಪಿಸಿತು. ಶಾಲೆಯಲ್ಲಿ ಓದಿದ ಬಾಯ್ಲ್‌ನ ನಿಯಮದ ರಾಬರ್ಟ್ ಬಾಯ್ಲ್! 1627ರಲ್ಲಿ ಇಲ್ಲಿನ ಲಿಸ್‌ಮೋರ್ ಕೋಟೆಯಲ್ಲಿ ಹುಟ್ಟಿದವನು. ಜಗತ್ತನ್ನು ಅವನು ಸ್ಟ್ರಾಸ್‌ಬರ್ಗ್ ಕೆಥೆಡ್ರಲ್‌ನ ದೊಡ್ಡ ಗಡಿಯಾರಕ್ಕೆ ಹೋಲಿಸಿದ. ಒಮ್ಮೆ ನಡೆಸಿಬಿಟ್ಟರೆ ಸಾಕು, ಅದರ ಬೊಂಬೆಗಳು ಹೊತ್ತುಹೊತ್ತಿಗೆ ತಾವೇ ಆಡುತ್ತವೆ. ಮಾಡಿದವನು ಮತ್ತೆಮತ್ತೆ ಕೈಯಿಕ್ಕಬೇಕಿಲ್ಲ. ಕರ್ತಾರನ ಹೆಚ್ಚುಗಾರಿಕೆ ಅದರಲ್ಲೇ ಇದೆ ಎಂಬುದು ಬಾಯ್ಲ್‌ನ ವಾದ.

ನೇಥನ್‌ಗೆ ಆ ದೊಡ್ಡತನವಿಲ್ಲ. ಯಂತ್ರಕ್ಕೆ ಮನಸ್ಸನ್ನೂ ಕೊಟ್ಟ, ಬಾಗಿಲಿಗೆ ಬೀಗವನ್ನೂ ಜಡಿದ. ಹಗಲಿರುಳು ಕ್ಯಾಮೆರಾದಲ್ಲಿ ಕಾವಲು ಕೂತ. ಏವಾ ಅವನನ್ನು ಇರಿದು ಹೊರಟದ್ದು ಯಂತ್ರ ಕೆಟ್ಟದ್ದರಿಂದಲ್ಲ, ಅವನು ಬಯಸಿದಷ್ಟು ಚೆನ್ನಾಗಿ ಕೆಲಸ ಮಾಡಿದ್ದರಿಂದ. ಯಂತ್ರದ ಭಯ ಹುಟ್ಟಿಸುವ ಚಿತ್ರವೆಂದು ಇದನ್ನು ಹೊಗಳುವವರ ಮಾತು ನನಗೆ ಒಪ್ಪಿಗೆಯಿಲ್ಲ. ಇದು ಒಡೆಯನ ಅಹಂಕಾರದ ಕಥೆ.

ಒಂದು ವಿಷಯ ಮಾತ್ರ ನನಗಿನ್ನೂ ಬಗೆಹರಿದಿಲ್ಲ. ನೆರವಾದ ಕೇಲಬ್‌ನನ್ನು ಅದೇ ಮನೆಯೊಳಗೆ ಕೂಡಿಹಾಕಿ ಏವಾ ಹೊರಟುಬಿಡುತ್ತಾಳಲ್ಲ, ಅದು ಸರಿಯೇ? ಚಿತ್ರ ನೋಡಿ, ನಿಮಗೇನನ್ನಿಸಿತೆಂದು ಬರೆಯಿರಿ.

ನಿಮ್ಮ ಗೆಳತಿ