ಸಾವಿರ ಸರೋವರಗಳ ಪಾಠಶಾಲೆ

ಅಮೆರಿಕದ ಮಿನ್ನೆಸೋಟ ಸಂಸ್ಥಾನದ ಈಶಾನ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ಒತ್ತಿಕೊಂಡು, ಹತ್ತು ಲಕ್ಷ ಎಕರೆಗೂ ಮಿಕ್ಕ ಅರಣ್ಯವೊಂದು ಹಬ್ಬಿದೆ. ಅದರ ಹೆಸರು ಬೌಂಡರಿ ವಾಟರ್ಸ್. ನೀರು, ಬಂಡೆ, ಪೈನ್ ಮರಗಳು ಒಂದರೊಳಗೊಂದು ಹೆಣೆದುಕೊಂಡ ನಾಡು ಅದು. ಹಿಮಯುಗದ ನೀರ್ಗಲ್ಲ ರಾಶಿಗಳು ಪುರಾತನ ಶಿಲೆಯನ್ನು ಉಜ್ಜಿ ಕೊರೆದು ಬಿಟ್ಟುಹೋದ ಸರೋವರಗಳೇ ಸಾವಿರಕ್ಕೂ ಹೆಚ್ಚು. 1964ರ ಅರಣ್ಯ ಶಾಸನವೂ 1978ರ ವಿಶೇಷ ಶಾಸನವೂ ಈ ಪ್ರದೇಶಕ್ಕೆ ರಕ್ಷಣೆಯಿತ್ತಿವೆ. ಅದರ ಬಹುಭಾಗದಲ್ಲಿ ಯಂತ್ರದ ದೋಣಿಗೆ ಪ್ರವೇಶವಿಲ್ಲ. ಹುಟ್ಟು ಹಾಕಿಯೇ ಸಾಗಬೇಕು.

ಬೇಸಗೆ ಬಂದಿತೆಂದರೆ ಕ್ರೈಸ್ತ ಯುವಜನ ಶಿಬಿರಗಳ ಬಾಲಕ ಬಾಲಕಿಯರು ಇಲ್ಲಿಗೆ ಬರುತ್ತಾರೆ. 1844ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ವೈ.ಎಂ.ಸಿ.ಎ. ಸಂಸ್ಥೆಯ ಮೆನೋಗಿನ್ ಶಿಬಿರ 1922ರಲ್ಲಿಯೂ, ವಿಜಿವಾಗನ್ ಶಿಬಿರ 1929ರಲ್ಲಿಯೂ ಆರಂಭವಾದವು. ಸೀಗಲ್ ಸರೋವರದ ದಡದಲ್ಲಿ ಲೂಥರನ್ ಪಂಥದವರ ಶಿಬಿರವೊಂದು 1950ರ ದಶಕದಲ್ಲಿ ತಲೆಯೆತ್ತಿತು. ಹದಿಹರೆಯದವರನ್ನು ಪಟ್ಟಣದ ಸುಖದಿಂದ ಕೆಲಕಾಲ ಬಿಡಿಸಿ, ಕಷ್ಟ, ಮೌನ, ಸಹಬಾಳ್ವೆಗಳ ನಡುವೆ ನಿಲ್ಲಿಸಿದರೆ ಅವರ ಶೀಲ ಗಟ್ಟಿಗೊಂಡೀತೆಂಬುದು ಇಂಥ ಶಿಬಿರಗಳ ಹಿಂದಿರುವ ನಂಬಿಕೆ.

ಅರಣ್ಯದ ಕಟ್ಟಳೆಗಳು ಖಚಿತವಾಗಿವೆ. ಒಂದು ತಂಡದಲ್ಲಿ ಒಂಬತ್ತು ಮಂದಿಗಿಂತ ಹೆಚ್ಚಿಗೆ ಇರಕೂಡದು. ಆಹಾರದ ತಗಡಿನ ಡಬ್ಬಿ, ಗಾಜಿನ ಸೀಸೆ ಒಯ್ಯಕೂಡದು. ರಾತ್ರಿ ಬುತ್ತಿಯನ್ನು ಕರಡಿಗೆ ನಿಲುಕದಂತೆ ಕಾಪಾಡಬೇಕು. ಸರೋವರದಿಂದ ಸರೋವರಕ್ಕೆ ದೋಣಿಯನ್ನೂ ಮೂಟೆಗಳನ್ನೂ ಹೊತ್ತು ದಾಟುವ ಕಾಲುದಾರಿಗೆ ಪೋರ್ಟೇಜ್ ಎಂದು ಹೆಸರು. ಹಿಂದೆ ತುಪ್ಪುಳದ ವ್ಯಾಪಾರದ ಫ್ರೆಂಚ್ ಕೆನಡಿಯನ್ ಹಮ್ಮಾಲರು ಹೀಗೆಯೇ ದಾಟುತ್ತಿದ್ದರು. ದಾರಿಯನ್ನು ಇಂದಿಗೂ ಅಳೆಯುವುದು ರಾಡ್ ಎಂಬ ಮಾನದಿಂದ. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ, ಹೆಚ್ಚು ಕಡಮೆ ಒಂದು ದೋಣಿಯುದ್ದ.

ಪಾಠ ಮೊದಲಾಗುವುದು ಇಲ್ಲಿಯೇ. ಅಲ್ಯುಮಿನಿಯಂ ದೋಣಿಯೊಂದು ಸುಮಾರು ಮೂವತ್ತು ಕಿಲೋ ತೂಗುತ್ತದೆ. ಅದನ್ನು ಬೋರಲಾಗಿ ಹೆಗಲಿಗೇರಿಸಿದವನಿಗೆ ಕಾಣುವುದು ಮುಂದಿನ ನಾಲ್ಕು ಹೆಜ್ಜೆಯ ನೆಲ ಮಾತ್ರ. ಎರಡು ಕೈಯೂ ಅಂಚನ್ನು ಹಿಡಿದಿರುವುದರಿಂದ ಮುಖಕ್ಕೆ ಮುತ್ತುವ ಸೊಳ್ಳೆಯನ್ನು ಅಟ್ಟುವಂತಿಲ್ಲ. ಮುಂದೆ ನಡೆಯುವವನು ಕಲ್ಲಿದೆ, ಕೆಸರಿದೆ ಎಂದು ಕೂಗಿ ಹೇಳಬೇಕು. ಹಿಂದಿನವನು ಅವನನ್ನು ನಂಬಬೇಕು. ಬಲಿಷ್ಠನು ತನ್ನ ಹೊರೆ ಇಳಿಸಿದ ಕೂಡಲೆ ಹಿಂದಿರುಗಿ, ಬಳಲಿದವನ ಮೂಟೆಗೆ ಹೆಗಲು ಕೊಟ್ಟರೆ ಮಾತ್ರ ತಂಡ ಕತ್ತಲೆಗೆ ಮುನ್ನ ಬಿಡಾರ ಸೇರೀತು. ಪರರ ಭಾರ ಹೊರಬೇಕೆಂಬ ಬೋಧೆಗೆ ಇದಕ್ಕಿಂತ ನೇರವಾದ ವ್ಯಾಖ್ಯಾನ ಬೇರೆ ಬೇಕೆ?

ಸಂಜೆ ಒಲೆಯ ಸುತ್ತ ಬೈಬಲ್ಲಿನ ಪಠನ ನಡೆಯುತ್ತದೆ. ಯೇಸು ನಲವತ್ತು ದಿನ ಕಳೆದದ್ದು ನಿರ್ಜನ ಪ್ರದೇಶದಲ್ಲಿ. ಪ್ರವಾದಿ ಎಲೀಯನು ದೇವರನ್ನು ಅರಿತದ್ದು ಬಿರುಗಾಳಿಯಲ್ಲಲ್ಲ, ಭೂಕಂಪದಲ್ಲಲ್ಲ, ಬೆಂಕಿಯಲ್ಲಲ್ಲ. ಅವೆಲ್ಲ ಅಡಗಿದ ಮೇಲೆ ಬಂದ ಮೆಲುದನಿಯಲ್ಲಿ. ಆ ಕಥೆಯ ಅರ್ಥ ತಾನಾಗಿ ತಿಳಿಯಲೆಂದು ಇಂಥ ಯಾತ್ರೆಗಳಲ್ಲಿ ಕೆಲವೊಮ್ಮೆ ಒಬ್ಬೊಬ್ಬರನ್ನು ಒಂದೊಂದು ಬಂಡೆಯ ಮೇಲೆ ಕೆಲವು ಗಂಟೆ ಒಂಟಿಯಾಗಿ ಕೂರಿಸುವುದುಂಟು. ಲೂನ್ ಹಕ್ಕಿಯ ಅಳುವಿನಂಥ ಕೂಗು ಕೇಳಿದಾಗ ಎದೆ ಝಲ್ಲೆನ್ನುತ್ತದೆ.

ಆದರೆ ಕೆಲವೇ ದಿನಗಳ ಅರಣ್ಯವಾಸ ಶೀಲವನ್ನು ಕಟ್ಟಬಲ್ಲುದೆ? ಈ ಸಂದೇಹ ನಿರಾಧಾರವಲ್ಲ. ದಣಿದು ಅಂಜಿದ ಮಗುವಿನ ಬಾಯಿಂದ ಭಕ್ತಿಯ ಮಾತು ಹೊರಡಿಸುವುದು ಸುಲಭ, ಅದು ಭಕ್ತಿಯಲ್ಲ. ಶಿಕ್ಷೆಯಾದ ಕಷ್ಟ ಮನಸ್ಸನ್ನು ಮುದುಡಿಸುತ್ತದೆ. ಹಂಚಿಕೊಂಡ ಕಷ್ಟ ಅರಳಿಸುತ್ತದೆ. ಈ ಭೇದವನ್ನು ಬಲ್ಲ ನಾಯಕನಿಲ್ಲದಿದ್ದರೆ ಸಾವಿರ ಸರೋವರಗಳೂ ವ್ಯರ್ಥ. ವಿನಯಕ್ಕೆ ಇನ್ನೊಂದು ಕಾರಣವೂ ಇದೆ. ಜನರಿಲ್ಲದ್ದೆಂದು ತೋರುವ ಈ ಕಾಡು ಒಜಿಬ್ವೆ ಜನರ ನಾಡು. 1854ರ ಒಪ್ಪಂದದಲ್ಲಿ ನೆಲವನ್ನು ಬಿಟ್ಟುಕೊಟ್ಟರೂ ಬೇಟೆ, ಮೀನುಗಾರಿಕೆಗಳ ಹಕ್ಕನ್ನು ಅವರು ಉಳಿಸಿಕೊಂಡರು. ಶಿಬಿರದ ಮಕ್ಕಳು ಅಲ್ಲಿ ಅತಿಥಿಗಳು.

2007ರ ಮೇ ತಿಂಗಳಲ್ಲಿ ಹ್ಯಾಮ್ ಸರೋವರದ ಬಳಿ, ಬಿಡಾರದ ಒಲೆಯೊಂದರಿಂದ ಹಬ್ಬಿದ ಬೆಂಕಿ ಗಡಿಯ ಎರಡು ಕಡೆಯೂ ಸುಮಾರು 75,000 ಎಕರೆಯನ್ನು ಸುಟ್ಟಿತು. ಸೀಗಲ್ ಸರೋವರದ ಶಿಬಿರವೂ ಹಲವು ಕಟ್ಟಡಗಳನ್ನು ಕಳೆದುಕೊಂಡಿತು. ಆದರೂ ಶಿಬಿರ ಮುಚ್ಚಲಿಲ್ಲ. ಹೊರಡುವ ಮುನ್ನ ಒಲೆಗೆ ನೀರು ಸುರಿದು, ಕೆದಕಿ, ಬೂದಿಯನ್ನು ಬರಿಗೈಯಿಂದ ಮುಟ್ಟಿ ನೋಡಿ, ತಣ್ಣಗಾದ ಮೇಲೆಯೇ ದೋಣಿಯೇರಬೇಕೆಂಬುದು ಈ ಕಾಡಿನ ನಿಯಮ. ಯಾರೂ ನೋಡದ ಕಡೆ ಆ ಕೆಲಸವನ್ನು ಪೂರೈಸುವ ಹುಡುಗನು ಮನೆಗೆ ಒಯ್ಯುವುದು ಸಣ್ಣ ಅಭ್ಯಾಸವೊಂದನ್ನು. ಶೀಲವೆನ್ನುವುದು ಬಹುಶಃ ಅಂಥ ಅಭ್ಯಾಸಗಳ ಮೊತ್ತವೇ.