ರಿಪೋರ್ಟ್ ನಾರ್ಮಲ್, ಆದ್ರೂ ನೋವು ನಿಜ

ಈಗಷ್ಟೇ ಗೆಳತಿಯ ಫೋನು. ಸ್ಕ್ಯಾನು, ಕೊಲೊನೋಸ್ಕೋಪಿ ಎಲ್ಲ ನಾರ್ಮಲ್ ಬಂತಂತೆ. ಮನೆಯವರು "ಏನೂ ಇಲ್ಲ, ಬರೀ ನಿನ್ನ ಭ್ರಮೆ" ಅಂದ್ರಂತೆ. ಕೇಳಿ ಸಂಕಟ ಆಯ್ತು. ಅವಳಿಗಿರೋದು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್). ಇದರಲ್ಲಿ ಕರುಳು ನೋಡೋಕೆ ಚೆನ್ನಾಗೇ ಇರುತ್ತೆ. ಹದ ತಪ್ಪಿರೋದು ಕರುಳು ಮತ್ತು ಮಿದುಳಿನ ನಡುವಿನ ಸಂಪರ್ಕ. ಬೇರೆಯವರಿಗೆ ಗೊತ್ತೇ ಆಗದಷ್ಟು ಗ್ಯಾಸು ಐಬಿಎಸ್ ಇರೋರಿಗೆ ನೋವಾಗಿ ಕಾಡುತ್ತೆ. ಒತ್ತಡ ಅದನ್ನ ಹೆಚ್ಚಿಸುತ್ತೆ, ಹೌದು. ಹಾಗಂತ ನೋವು ಸುಳ್ಳಾಗಲ್ಲ.

ಇಂಥ ಹಲವರಿಗೆ ಆಗಿಬರದೇ ಇರೋದು ಈರುಳ್ಳಿ, ಬೆಳ್ಳುಳ್ಳಿಯಲ್ಲಿರೋ ಫ್ರಕ್ಟಾನ್ ಅನ್ನೋ ಕಾರ್ಬೋಹೈಡ್ರೇಟ್. ಅದು ನೀರಲ್ಲಿ ಕರಗುತ್ತೆ, ಎಣ್ಣೆಯಲ್ಲಿ ಕರಗಲ್ಲ. ಅದಕ್ಕೇ ಸಾರಿನ ಬೆಳ್ಳುಳ್ಳಿ ಎಸಳನ್ನ ಎತ್ತಿ ಪಕ್ಕಕ್ಕಿಟ್ರೆ ಪ್ರಯೋಜನ ಇಲ್ಲ. ಬರೀ ಎಣ್ಣೆಯಲ್ಲಿ ಹುರಿದು, ಎಸಳು ತೆಗೆದು, ಆ ಎಣ್ಣೆಯಲ್ಲೇ ಒಗ್ಗರಣೆ ಹಾಕಿದ್ರೆ ಘಮ ಸಿಗುತ್ತೆ, ಫ್ರಕ್ಟಾನ್ ಸೇರಲ್ಲ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯ ರೂಪಿಸಿದ ಲೋ ಫಾಡ್‌ಮ್ಯಾಪ್ ಪಥ್ಯವೂ ಜೀವನಪೂರ್ತಿ ಅಲ್ಲ. ಫ್ರಕ್ಟಾನ್‌ನಂಥ ಅಂಶಗಳಿರೋ ತಿನಿಸುಗಳನ್ನ 2ರಿಂದ 6 ವಾರ ಬಿಟ್ಟು, ಆಮೇಲೆ ಒಂದೊಂದೇ ತಿಂದು ನೋಡ್ಬೇಕು, ಡಯೆಟಿಷಿಯನ್ ಜೊತೆಗಿದ್ರೆ ಒಳ್ಳೇದು. (ಮಲದಲ್ಲಿ ರಕ್ತ ಕಂಡ್ರೆ, ಸುಮ್ಸುಮ್ನೆ ತೂಕ ಇಳಿದ್ರೆ ತಡ ಮಾಡದೆ ಡಾಕ್ಟರ ಹತ್ರ ಹೋಗಿ.)

ನಿಮ್ಮನೇಲೂ ಯಾರಿಗಾದ್ರೂ ಈ ತೊಂದರೆ ಇದೆಯಾ? ಅವರಿಗೆ ಯಾವ ಅಡುಗೆ ಒಗ್ಗಿದೆ, ಹೇಳ್ತೀರಾ?