ಯೆಸ್ ಸರ್ ಅಂದ ನಾಲ್ವರು

ಕಳೆದ ಸೆಮಿಸ್ಟರ್‌ನಲ್ಲಿ ಒಂದು ತಿಂಗಳು ನಮ್ಮ ರೂಮು ವಿಮಾನ ನಿಲ್ದಾಣವಾಗಿತ್ತು. ಕಾಲೇಜಿನ ಹಿಂದಿನ ಗಲ್ಲಿಯಲ್ಲಿ ನಾವು ನಾಲ್ಕು ಜನ ಸೇರಿ ಬಾಡಿಗೆ ಹಿಡಿದ ರೂಮದು. ನಮ್ಮಲ್ಲೊಬ್ಬನ ದೊಡ್ಡಪ್ಪನ ಮಗ ಪೈಲಟ್ ಟ್ರೈನಿಂಗ್ ಮುಗಿಸಿ, ಇಂಗ್ಲಿಷ್ ಪರೀಕ್ಷೆಗೆ ತಯಾರಿ ಮಾಡ್ಕೋತೀನಿ ಅಂತ ಬಂದು ಉಳಿದರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ನಮ್ಮ ಥರಾನೇ.

"ವಿಮಾನ ಹಾರಿಸೋಕೆ ಬಂದ್ಮೇಲೂ ಇಂಗ್ಲಿಷ್ ಪರೀಕ್ಷೆನಾ ಅಣ್ಣಾ?" ಅಂತ ಕೇಳಿದೆವು. ಗ್ರಾಮರ್, ಪ್ರಬಂಧ, ಲೆಟರ್ ರೈಟಿಂಗ್ ಇರಬಹುದು ಅಂದುಕೊಂಡಿದ್ದೆವು. ಅದ್ಯಾವುದೂ ಇಲ್ಲ. ಬರೀ ಕೇಳೋದು, ಮಾತಾಡೋದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೋ, ಆರು ಹಂತ ಇಟ್ಟಿದೆ. ಕನಿಷ್ಠ ನಾಲ್ಕನೇ ಹಂತ ಬೇಕು. ನಾಲ್ಕು ಬಂದರೆ ಮೂರು ವರ್ಷಕ್ಕೆ, ಐದು ಬಂದರೆ ಆರು ವರ್ಷಕ್ಕೆ ಮತ್ತೆ ಪರೀಕ್ಷೆ, ಆರು ಬಂದರೆ ಮುಗೀತು. ಉಚ್ಚಾರಣೆ, ವಾಕ್ಯರಚನೆ, ಪದಗಳು, ಸರಾಗತೆ, ಗ್ರಹಿಕೆ, ಸಂವಾದ ಅಂತ ಆರು ವಿಭಾಗ. ಆರರಲ್ಲಿ ಯಾವುದು ಅತಿ ಕಡಿಮೆಯೋ ಅದೇ ಫೈನಲ್. ಐದರಲ್ಲಿ ಆರು ಬಂದು ಒಂದರಲ್ಲಿ ಮೂರು ಬಂದ್ರೆ, ನೀವು ಮೂರು ಅಷ್ಟೇ. ಬ್ಯಾಕ್‌ಲಾಗ್ ಇರೋ ನಮಗೆ ಇದು ತಕ್ಷಣ ಅರ್ಥ ಆಯ್ತು.

ಆಶ್ಚರ್ಯ ಆಗಿದ್ದು ನಾಲ್ಕನೇ ಹಂತದ ವಿವರ ಓದಿದಾಗ. ಮಾತೃಭಾಷೆಯ ಛಾಯೆ ಇರಬಹುದು, ವ್ಯಾಕರಣ ತಪ್ಪಬಹುದು, ಆದರೆ ಅರ್ಥ ಕೆಡಬಾರದು. ಇನ್ನೂ ಒಂದು ಇದೆ. ರೇಡಿಯೋದಲ್ಲಿ 'ತ್ರೀ' ಅನ್ನೋದನ್ನ 'ಟ್ರೀ' ಅಂತಲೇ ಹೇಳಬೇಕು, 'ಥೌಸಂಡ್' ಅನ್ನೋದು 'ಟೌಸಂಡ್'. ನಿಯಮವೇ ಹಾಗಿದೆ. ನಮ್ಮಲ್ಲೊಬ್ಬ ಪಿಯುಸಿಯಲ್ಲಿ ಸೆಮಿನಾರ್ ಕೊಡುವಾಗ 'ಟ್ರೀ' ಅಂದು ಇಡೀ ಕ್ಲಾಸು ನಕ್ಕಿತ್ತು. ಅವನು ಅವತ್ತು ಎರಡು ಚಹಾ ಕುಡಿದ, ಖುಷಿಗೆ.

ದಿನಾ ರಾತ್ರಿ ಊಟ ಆದ್ಮೇಲೆ ನಾವು ಕಂಟ್ರೋಲ್ ಟವರ್, ಅಣ್ಣ ಪೈಲಟ್. ನಾವು ಹಾಳೆ ನೋಡಿ ಎತ್ತರ, ದಿಕ್ಕು, ರನ್‌ವೇ ನಂಬರ್ ಓದ್ತಿದ್ವಿ, ಅವರು ಅಷ್ಟನ್ನೂ ತಿರುಗಿ ಹೇಳಬೇಕಿತ್ತು. ಒಂದಿನ ಬೇಕಂತಲೇ ಫ್ಯಾನ್ ಜೋರು ಮಾಡಿ, ಬಾಯಿಗೆ ಟವೆಲ್ ಹಿಡಿದು ಓದಿದೆವು. "ಸೇ ಅಗೇನ್" ಅಂದರು. ಮತ್ತೆ ಓದಿದೆವು. "ಸೇ ಅಗೇನ್." ಮೂರನೇ ಸಲವೂ ಅದೇ. ನಾವು ಬಿದ್ದು ಬಿದ್ದು ನಕ್ಕೆವು. "ಇಷ್ಟೂ ಅರ್ಥ ಆಗ್ಲಿಲ್ವಾ ಅಣ್ಣಾ?"

ಅವರು ನಗಲಿಲ್ಲ. "ಅರ್ಥ ಆಗ್ಲಿಲ್ಲ ಅಂತ ಹೇಳೋಕೂ ಮಾರ್ಕ್ಸ್ ಇದೆ ಕಣ್ರೋ" ಅಂದರು. ಆಮೇಲೆ ಚರ್ಖಿ ದಾದ್ರಿ ಕಥೆ ಹೇಳಿದರು.

1996ರ ನವೆಂಬರ್ 12ರ ಸಂಜೆ. ದೆಹಲಿಯಿಂದ ಹೊರಟ ಸೌದಿಯಾ ಬೋಯಿಂಗ್ 747 ಮೇಲೇರುತ್ತಿತ್ತು, ಕಜಕಿಸ್ತಾನದ ಇಲ್ಯೂಷಿನ್ ವಿಮಾನ ದೆಹಲಿಗೆ ಇಳಿಯಲು ಬರುತ್ತಿತ್ತು. ಒಂದಕ್ಕೆ 14,000 ಅಡಿ, ಇನ್ನೊಂದಕ್ಕೆ 15,000 ಅಡಿ ಕೊಟ್ಟಿದ್ದರು. ಕಜಕ್ ವಿಮಾನದಲ್ಲಿ ಕಂಟ್ರೋಲರ್ ಜೊತೆ ಇಂಗ್ಲಿಷಿನಲ್ಲಿ ಮಾತಾಡ್ತಿದ್ದದ್ದು ಪೈಲಟ್ ಅಲ್ಲ, ರೇಡಿಯೋ ಆಪರೇಟರ್. ಅವರ ಮುಂದೆ ಎತ್ತರ ತೋರಿಸುವ ಮೀಟರ್ ಇರಲಿಲ್ಲ, ಪೈಲಟ್‌ಗಳ ಹೆಗಲ ಮೇಲಿಂದ ಬಗ್ಗಿ ನೋಡಬೇಕಿತ್ತು. ವಿಮಾನ 15,000ಕ್ಕೆ ನಿಲ್ಲದೆ ಕೆಳಗಿಳಿಯಿತು. ಎರಡೂ ವಿಮಾನಗಳಲ್ಲಿದ್ದ 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ನ್ಯಾಯಮೂರ್ತಿ ಲಾಹೋಟಿ ಅವರ ತನಿಖೆ, ಕಜಕ್ ಸಿಬ್ಬಂದಿಯ ಇಂಗ್ಲಿಷ್ ಸಾಲದೇ ಹೋದದ್ದನ್ನೂ ಕಾರಣಗಳಲ್ಲಿ ಸೇರಿಸಿತು. ಐಕಾವೋ 1998ರಲ್ಲಿ ಭಾಷೆಯ ವಿಷಯ ಕೈಗೆತ್ತಿಕೊಂಡಿತು, 2003ರಲ್ಲಿ ನಿಯಮ ಮಾಡಿತು, 2008ರ ಗಡುವು ಹಲವು ದೇಶಗಳಿಗೆ ಸಾಲದೆ 2011ರವರೆಗೆ ಸಮಯ ಕೊಟ್ಟಿತು.

ಅದಕ್ಕೂ ಮೊದಲು, 1990ರ ಜನವರಿಯಲ್ಲಿ, ನ್ಯೂಯಾರ್ಕ್ ಹತ್ತಿರ ಕೊಲಂಬಿಯಾದ ಏವಿಯಾಂಕಾ ವಿಮಾನ ಇಂಧನ ಖಾಲಿಯಾಗಿ ಬಿದ್ದು 73 ಜನ ಸತ್ತರು. ಕೋ-ಪೈಲಟ್ ಇಂಧನ ಮುಗೀತಿದೆ ಅಂತ ಹೇಳಿದ್ದರು. ಇಂಗ್ಲಿಷ್ ಸರಿಯಾಗೇ ಇತ್ತು. ಆದರೆ 'ಎಮರ್ಜೆನ್ಸಿ' ಅನ್ನೋ ಒಂದು ಪದ ಕಂಟ್ರೋಲರ್‌ಗಳ ಕಿವಿಗೆ ಬೀಳಲೇ ಇಲ್ಲ.

ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ನಮಗೆ ನೆನಪಾಗಿದ್ದು ಹಿಂದಿನ ವಾರದ ಮೆಷೀನ್ಸ್ ಲ್ಯಾಬ್. ಡಿಸಿ ಶಂಟ್ ಮೋಟರ್. ಸ್ಟಾರ್ಟ್ ಮಾಡೋ ಮುಂಚೆ ಫೀಲ್ಡ್ ರಿಯೋಸ್ಟಾಟ್ ಮಿನಿಮಮ್‌ನಲ್ಲಿ, ಆರ್ಮೇಚರ್‌ದು ಮ್ಯಾಕ್ಸಿಮಮ್‌ನಲ್ಲಿ ಇರಬೇಕು. ಸರ್ ಇದನ್ನ ಇಂಗ್ಲಿಷಿನಲ್ಲಿ ಒಂದೇ ಉಸಿರಲ್ಲಿ ಹೇಳಿ "ಅಂಡರ್‌ಸ್ಟುಡ್?" ಅಂದರು. ನಾಲ್ಕೂ ಜನ "ಯೆಸ್ ಸರ್" ಅಂದೆವು. ಒಬ್ಬನಿಗೂ ಅರ್ಥ ಆಗಿರಲಿಲ್ಲ. ಪಕ್ಕದವನಿಗೆ ಆಗಿರುತ್ತೆ ಅಂತ ಪ್ರತಿಯೊಬ್ಬನೂ ನಂಬಿದ್ದ. ಫೀಲ್ಡ್ ಮ್ಯಾಕ್ಸಿಮಮ್‌ನಲ್ಲೇ ಇಟ್ಟು ಸ್ಟಾರ್ಟ್ ಮಾಡಿದೆವು. ಮೋಟರ್ ಕಿರುಚಿಕೊಳ್ಳೋಕೆ ಶುರು ಮಾಡಿತು, ಸರ್ ಓಡಿ ಬಂದು ಮೇನ್ ಸ್ವಿಚ್ ಆಫ್ ಮಾಡಿದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಬೈಗುಳ ಮಾತ್ರ ಆಯ್ತು, ಅದೂ ಇಂಗ್ಲಿಷಿನಲ್ಲೇ, ಅದಕ್ಕೂ "ಯೆಸ್ ಸರ್" ಅಂದೆವು.

ಅಣ್ಣನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಅವರು ನಿಮ್ಮಿಂದ ತಿರುಗಿ ಹೇಳಿಸಲಿಲ್ವಾ?" ಪೈಲಟ್ ಬರೀ 'ರಾಜರ್' ಅಂದ್ರೆ ಕಂಟ್ರೋಲರ್ ಬಿಡೋದಿಲ್ಲವಂತೆ. ಎತ್ತರ ಹೇಳಿದ್ರೆ ಆ ಎತ್ತರವೇ ತಿರುಗಿ ಬರಬೇಕು. ನಮ್ಮಲ್ಲಿ ಯಾರು ಹೇಳಿಸ್ತಾರೆ? ಪ್ಲೇಸ್‌ಮೆಂಟ್ ಟ್ರೈನಿಂಗ್‌ನಲ್ಲಿ ಸರಾಗವಾಗಿ ಮಾತಾಡೋದು, ಆಕ್ಸೆಂಟ್ ತಿದ್ದೋದು ಹೇಳಿಕೊಟ್ಟಿದ್ದಾರೆ. ತಡೆದು ಕೇಳೋದನ್ನ ಯಾರೂ ಹೇಳಿಕೊಟ್ಟಿಲ್ಲ. ಗ್ರೂಪ್ ಡಿಸ್ಕಷನ್‌ನಲ್ಲಿ "ನಿಮ್ಮ ಮಾತು ಅರ್ಥ ಆಗ್ಲಿಲ್ಲ" ಅಂದ್ರೆ ಮಾರ್ಕ್ಸ್ ಹೋಗುತ್ತೆ ಅಂತಲೇ ನಾವು ತಿಳಿದಿರೋದು.

ಮುಂದಿನ ಲ್ಯಾಬ್‌ನಲ್ಲಿ ಸರ್ ಮತ್ತೆ ಒಂದೇ ಉಸಿರಲ್ಲಿ ಹೇಳಿ ಮುಗಿಸಿದರು. ನಮ್ಮ 'ಟ್ರೀ' ಮಹಾಶಯ ಕೈ ಎತ್ತಿ, "ಸರ್, ಇನ್ನೊಂದ್ಸಲ ಹೇಳ್ತೀರಾ? ನಾವು ತಿರುಗಿ ಹೇಳ್ತೀವಿ, ಸರಿ ಇದೆಯಾ ನೋಡಿ" ಅಂದ. ಹಿಂದಿನ ಟೇಬಲ್‌ನಲ್ಲಿ ಯಾರೋ ನಕ್ಕರು. ಸರ್ ಮುಖ ಸಿಂಡರಿಸಿದರು, ಆದರೆ ಹೇಳಿದರು. ಈ ಸಲ ನಿಧಾನಕ್ಕೆ. ನಕ್ಕವರ ಟೇಬಲ್‌ನಲ್ಲೂ ಪೆನ್ನು ತೆಗೆದು ಬರ್ಕೋತಿದ್ರು.

ಅಣ್ಣನಿಗೆ ಐದನೇ ಹಂತ ಬಂತು. "ಆರು ವರ್ಷ ಆದ್ಮೇಲೆ ಮತ್ತೆ ನಿಮ್ಮ ರೂಮಿಗೇ ಬರ್ತೀನಿ" ಅಂತ ಮೆಸೇಜ್ ಹಾಕಿದ್ದಾರೆ. ಅಷ್ಟರೊಳಗೆ ನಮ್ಮ ಮೆಷೀನ್ಸ್ ಪೇಪರ್ ಕ್ಲಿಯರ್ ಆಗಿರಬೇಕು, ನೋಡೋಣ.